ಹಿಂದಿನ ಪೆಟ್ಟಿಗೆಯನ್ನು ಮುಟ್ಟಿರೋದು ಯಾರು? ಹಗ್ಗದ ಟೆನ್ಷನ್ ಲೆಕ್ಕದಲ್ಲಿ ಎಡವಿದ ಒಬ್ಬ ಹುಡುಗನ ಪ್ರಕರಣ

ಇದು ಒಬ್ಬ ಹುಡುಗನ, ಒಂದು ಲೆಕ್ಕದ ಕಥೆ. ಹುಡುಗ ಮೊದಲ ಪಿಯುಸಿ. ಲೆಕ್ಕ ತುಂಬ ಸಣ್ಣದು. ನುಣುಪಾದ ನೆಲದ ಮೇಲೆ ಎರಡು ಪೆಟ್ಟಿಗೆ ಇವೆ, ನಡುವೆ ಒಂದು ಹಗುರ ಹಗ್ಗ. ಮುಂದಿನ ಪೆಟ್ಟಿಗೆಯನ್ನು ಯಾರೋ ಎಳೆಯುತ್ತಾರೆ. ನಡುವಿನ ಹಗ್ಗದ ಟೆನ್ಷನ್, ಅಂದರೆ ಹಗ್ಗ ಎಷ್ಟು ಬಲದಿಂದ ಬಿಗಿದಿದೆ ಅನ್ನೋದು, ಎಷ್ಟು?

ಇದನ್ನು ಅವನಿಗೆ ದಾಟಿಸೋಕೆ ನನಗೆ ಸುಮಾರು ಏಳು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ಹಾಳಾಗಿದ್ದು ನನ್ನದೇ ತಪ್ಪಿನಿಂದ. ಆ ತಪ್ಪು ನನ್ನೊಬ್ಬಳದೇ ಅಲ್ಲ ಅನ್ನೋ ಗುಮಾನಿ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಹುಡುಗನನ್ನು ಚಂದ್ರು ಅಂತ ಕರೆಯೋಣ. ನಿಜವಾದ ಹೆಸರು ಅದಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ಚಂದ್ರು ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿ ಸೈನ್ಸ್‌ಗೆ ಬಂದ ಮೇಲೆ ಎಲ್ಲ ಇಂಗ್ಲಿಷ್. ಊರು ಕಬ್ಬು ಬೆಳೆಯುವ ಕಡೆ. ಅಪ್ಪನಿಗೆ ಸ್ವಲ್ಪ ಜಮೀನಿದೆ. ಕಬ್ಬಿನ ಸೀಸನ್ ಬಂದರೆ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾರೆ. ಹುಡುಗ ಮಾತು ಕಡಿಮೆ. ಆದರೆ ಬೀಜಗಣಿತದಲ್ಲಿ ಗಟ್ಟಿ. ಎರಡು ಸಮೀಕರಣ ಕೊಟ್ಟರೆ ನಾನು ಬೋರ್ಡ್ ಒರೆಸೋದರೊಳಗೆ ಬಿಡಿಸಿರುತ್ತಿದ್ದ.

ನನ್ನನ್ನು ದಾರಿ ತಪ್ಪಿಸಿದ್ದೂ ಅದೇ. ಲೆಕ್ಕ ಬರುವ ಹುಡುಗ ತಪ್ಪು ಮಾಡಿದರೆ ನಾವು ಸುಮ್ನೆ 'ಗಮನ ಇಲ್ಲ' ಅಂತ ಬರೆದು ಮುಂದೆ ಹೋಗುತ್ತೇವೆ, ಅಲ್ವಾ?

ತಪ್ಪು

ನ್ಯೂಟನ್ನನ ನಿಯಮಗಳ ಪಾಠ ಮುಗಿದ ಮೇಲೆ ಒಂದು ಚಿಕ್ಕ ಪರೀಕ್ಷೆ ಕೊಟ್ಟೆ. ಹಿಂದಿನ ಪೆಟ್ಟಿಗೆ 4 ಕೆ.ಜಿ., ಮುಂದಿನದು 6 ಕೆ.ಜಿ., ಎಳೆಯುವ ಬಲ 30 ನ್ಯೂಟನ್, ಘರ್ಷಣೆ ಇಲ್ಲ. ಎರಡೂ ಸೇರಿ 10 ಕೆ.ಜಿ. ಹಾಗಾಗಿ ವೇಗೋತ್ಕರ್ಷ, ಅಂದರೆ ವೇಗ ಹೆಚ್ಚುವ ದರ, 30 ಭಾಗ 10, 3. ಹಿಂದಿನ ಪೆಟ್ಟಿಗೆಯನ್ನು ಎಳೆಯುತ್ತಿರೋದು ಹಗ್ಗ ಮಾತ್ರ. ಅದು 4 ಕೆ.ಜಿ.ಗೆ 3ರ ವೇಗೋತ್ಕರ್ಷ ಕೊಡಬೇಕು. ಟೆನ್ಷನ್ 12 ನ್ಯೂಟನ್.

ಚಂದ್ರು ವೇಗೋತ್ಕರ್ಷ 3 ಅಂತ ಸರಿಯಾಗಿಯೇ ತೆಗೆದಿದ್ದ. ಅದರ ಕೆಳಗೆ, ಟೆನ್ಷನ್ 30 ನ್ಯೂಟನ್. ಯಾವ ಹೆಜ್ಜೆಯೂ ಇಲ್ಲ, ನೇರ ಉತ್ತರ.

ಎರಡನೇ ಲೆಕ್ಕದಲ್ಲಿ ಅದೇ ಪೆಟ್ಟಿಗೆಗಳನ್ನು ತಿರುಗಿಸಿ 4 ಕೆ.ಜಿ. ಕಡೆಯಿಂದ ಎಳೆಸಿದ್ದೆ. ಆಗ ಹಗ್ಗದ ಹಿಂದೆ ಇರೋದು 6 ಕೆ.ಜಿ., ಉತ್ತರ 18. ಅಲ್ಲೂ ಅವನು 30 ಬರೆದಿದ್ದ. ಮೂರನೆಯದರಲ್ಲಿ ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದಕ್ಕೆ ಕಟ್ಟಿದ ದಾರ ಅಂಚಿನ ರಾಟೆ ದಾಟಿ ಕೆಳಗೆ ಒಂದು ತೂಕಕ್ಕೆ. ಅಲ್ಲಿ ಟೆನ್ಷನ್ ಅಂದರೆ ತೂಗುವ ಕಲ್ಲಿನ ಪೂರ್ತಿ ತೂಕ ಅಂತ ಬರೆದಿದ್ದ.

ಮೂರೂ ತಪ್ಪು ಒಂದೇ ಜಾತಿಯವು. ಈಗ ಹಾಗೆ ಕಾಣುತ್ತದೆ. ಆಗ ಕಾಣಲಿಲ್ಲ. ಮೂರಕ್ಕೂ ಕೆಂಪು ಗೆರೆ ಹಾಕಿ ಪಕ್ಕದಲ್ಲಿ 'ಹೆಜ್ಜೆ ಬರಿ' ಅಂತ ಬರೆದೆ.

ಮೊದಲು ಮಾಡಿದ್ದು: ಸೂತ್ರ ಕೊಟ್ಟೆ

ಸಂಜೆ ಅವನನ್ನು ಸ್ಟಾಫ್ ರೂಮಿಗೆ ಕರೆದೆ. ಪಾಠ ಹಿಂದೆ ಬಿದ್ದಿತ್ತು, ನನಗೂ ಅವಸರ. ಒಂದು ಶಾರ್ಟ್‌ಕಟ್ ಹೇಳಿಕೊಟ್ಟೆ. 'ಹಗ್ಗದ ಹಿಂದಿನ ರಾಶಿಯನ್ನು ಒಟ್ಟು ರಾಶಿಯಿಂದ ಭಾಗಿಸು. ಎಳೆಯುವ ಬಲದಿಂದ ಗುಣಿಸು. ಮುಗೀತು.' 4 ಭಾಗ 10, ಇಂಟು 30, ಹನ್ನೆರಡು.

ಮಾರನೇ ದಿನ ಹತ್ತು ಲೆಕ್ಕ ಮಾಡಿಕೊಂಡು ಬಂದ. ಹತ್ತೂ ಸರಿ. ನನಗೆ ಖುಷಿ. ಮೂರು ವಾರ ಆ ಖುಷಿಯಲ್ಲೇ ಇದ್ದೆ.

ಆಮೇಲೆ ಮೂರು ಪೆಟ್ಟಿಗೆಯ ಲೆಕ್ಕ ಬಂತು. ಹಿಂದಿನಿಂದ 2, 3, 5 ಕೆ.ಜಿ. ಮುಂದಿನಿಂದ 40 ನ್ಯೂಟನ್ ಎಳೆತ. ವೇಗೋತ್ಕರ್ಷ 4. ಹಿಂದಿನ ಹಗ್ಗ 2 ಕೆ.ಜಿ.ಯನ್ನು ಎಳೆಯುತ್ತದೆ, 8 ನ್ಯೂಟನ್. ಮುಂದಿನ ಹಗ್ಗ 2 ಮತ್ತು 3 ಎರಡನ್ನೂ ಎಳೆಯಬೇಕು, 20 ನ್ಯೂಟನ್. ಚಂದ್ರು ಹಿಂದಿನದಕ್ಕೆ 8 ಬರೆದಿದ್ದ. ಮುಂದಿನದಕ್ಕೆ 12.

12 ಎಲ್ಲಿಂದ ಬಂತು? ನಾನು 'ಹಗ್ಗದ ಹಿಂದಿನ ರಾಶಿ' ಅಂದಿದ್ದೆ. ಅವನು ಹಗ್ಗಕ್ಕೆ ತಾಗಿಕೊಂಡು ಹಿಂದೆ ಇರುವ ಪೆಟ್ಟಿಗೆ ಅಂದುಕೊಂಡಿದ್ದ. 3 ಭಾಗ 10, ಇಂಟು 40. ಗುಣಾಕಾರ ಸರಿಯಾಗಿದೆ. ಸೂತ್ರವನ್ನೂ ಪಾಲಿಸಿದ್ದಾನೆ. ಆ ಹಗ್ಗ ಏನನ್ನು ಎಳೆಯುತ್ತಿದೆ ಅನ್ನೋದೊಂದೇ ಅವನ ತಲೆಯಲ್ಲಿರಲಿಲ್ಲ.

ಅವತ್ತು ನನಗೆ ಒಂದು ವಿಷಯ ಖಾತ್ರಿಯಾಯಿತು. ಆ ಹತ್ತು ಸರಿ ಉತ್ತರಗಳು ಅವನವಲ್ಲ, ನನ್ನವು. ತಪ್ಪು ಎಲ್ಲೂ ಹೋಗಿರಲಿಲ್ಲ. ಸೂತ್ರದ ಕೆಳಗೆ ಅಡಗಿ ಕೂತಿತ್ತು, ಅಷ್ಟೇ.

ಎರಡನೆಯದು: ಚಿತ್ರ ಬರೆಸಿದೆ

ಸೂತ್ರ ಮರೆತುಬಿಡು ಅಂದೆ. ಪ್ರತಿ ಪೆಟ್ಟಿಗೆಗೂ ಬೇರೆ ಚಿತ್ರ ಬರಿ, ಅದರ ಮೇಲಿನ ಬಲಗಳಿಗೆಲ್ಲ ಬಾಣ ಹಾಕು ಅಂದೆ. ಫ್ರೀ ಬಾಡಿ ಡಯಾಗ್ರಾಂ ಅಂತ ಕ್ಲಾಸಿನಲ್ಲಿ ಹೇಳಿದ್ದೇ ಅದು. ಮತ್ತೆ ಮೊದಲ ಲೆಕ್ಕಕ್ಕೇ ಬಂದೆವು, 4 ಮತ್ತು 6.

ಅವನು ಮುಂದಿನ ಪೆಟ್ಟಿಗೆಗೆ ಮುಂದಕ್ಕೆ 30 ಬರೆದ. ಹಿಂದಿನ ಪೆಟ್ಟಿಗೆಗೂ ಮುಂದಕ್ಕೆ 30 ಬರೆದ.

ನಾನು ಬೈಯಲಿಲ್ಲ. ಈ ಸಲ ಬುದ್ಧಿ ಬಂದಿತ್ತು. 'ಇದು ಹೆಂಗೆ ಬಂತು, ನಿನ್ನ ಮಾತಲ್ಲೇ ಹೇಳು. ಕನ್ನಡದಲ್ಲೇ ಹೇಳು' ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: 'ಹಗ್ಗ ಅನ್ನೋದು ವೈರ್ ತರ ಅಲ್ವಾ ಮೇಡಂ? ಈ ಕಡೆ 30 ಹಾಕಿದ್ರೆ ಆ ಕಡೆಗೂ 30 ಹೋಗುತ್ತೆ. ನೀವೇ ಹೇಳಿದ್ರಲ್ಲ, ಹಗುರ ಹಗ್ಗ ಬಲಾನ ಕಮ್ಮಿ ಮಾಡದೆ ಸಾಗಿಸುತ್ತೆ ಅಂತ.'

ಹೌದು, ನಾನೇ ಹೇಳಿದ್ದೆ. ಪಾಠದ ಮೊದಲ ದಿನವೇ. ಮಾತು ತಪ್ಪೂ ಅಲ್ಲ. ಹಗುರ ಹಗ್ಗದ ಒಂದು ತುದಿಯಲ್ಲಿ ಎಷ್ಟು ಬಿಗಿಯೋ ಇನ್ನೊಂದು ತುದಿಯಲ್ಲೂ ಅಷ್ಟೇ. ಆದರೆ ಆ 30 ನ್ಯೂಟನ್ ಬಿದ್ದಿದ್ದು ಹಗ್ಗಕ್ಕಲ್ಲ, 6 ಕೆ.ಜಿ. ಪೆಟ್ಟಿಗೆಗೆ. ಪೆಟ್ಟಿಗೆ ಹಗ್ಗವಲ್ಲ. ಅದು ತನ್ನ ಪಾಲು ಇಟ್ಟುಕೊಂಡು ಮಿಕ್ಕಿದ್ದನ್ನು ಮಾತ್ರ ಹಿಂದಕ್ಕೆ ಬಿಡುತ್ತದೆ. ಅವನಿಗೆ ಪೆಟ್ಟಿಗೆ, ಹಗ್ಗ, ಪೆಟ್ಟಿಗೆ ಎಲ್ಲ ಸೇರಿ ಒಂದು ಉದ್ದ ವೈರ್.

ಇಡೀ ಪ್ರಕರಣದಲ್ಲಿ ನನಗೆ ದೊಡ್ಡ ತಿರುವು ಅಂದರೆ ಇದೇ. ಆ ಪ್ರಶ್ನೆ ಕೇಳೋಕೆ ಎರಡು ನಿಮಿಷ ಸಾಕಿತ್ತು. ಕೇಳಿದ್ದು ನಾಲ್ಕನೇ ವಾರದಲ್ಲಿ.

'ಸರಿ, ನಿನ್ನ ಮಾತೇ ಇರಲಿ. ಹಿಂದಿನದಕ್ಕೆ 30 ಬಂತು ಅಂದುಕೋ. ಆಮೇಲೆ ಏನಾಗುತ್ತೆ?' ಅಂದೆ. ಅವನು ಬರೆದ: 30 ಭಾಗ 4, ಹಿಂದಿನದರ ವೇಗೋತ್ಕರ್ಷ 7.5. ಮುಂದಿನದನ್ನು ಹಗ್ಗ ಹಿಂದಕ್ಕೆ 30ರಿಂದ ಎಳೆಯುತ್ತೆ, ಮುಂದಕ್ಕೂ 30, ಉಳಿದಿದ್ದು ಸೊನ್ನೆ. ಬರೆದು ನಕ್ಕ. 'ಹಿಂದಿನದು ಓಡಿ ಬಂದು ಮುಂದಿನದಕ್ಕೆ ಗುದ್ದುತ್ತೆ ಮೇಡಂ.'

ನಕ್ಕಿದ್ದೇನೋ ಸರಿ. ಒಪ್ಪಿದ ಅಂತ ಅನ್ನಿಸಲಿಲ್ಲ. ಲೆಕ್ಕ ಎಲ್ಲೋ ಕೈಕೊಟ್ಟಿದೆ ಅನ್ನೋ ಮುಖವಿತ್ತು. ಕಾಗದದ ಮೇಲೆ ಸೋತ ನಂಬಿಕೆ ಅಷ್ಟು ಸುಲಭವಾಗಿ ಜಾಗ ಬಿಡೋದಿಲ್ಲ.

ಲ್ಯಾಬಿನಲ್ಲಿ ಎರಡು ಸಂಜೆ

ಮೊದಲ ಸಂಜೆ ಹಳೆಯ ಆಟವೊಂದನ್ನು ಆಡಿಸಿದೆ. ಮೇಜಿನ ಎರಡೂ ಅಂಚಿಗೆ ಒಂದೊಂದು ರಾಟೆ. ನಡುವೆ ಸ್ಪ್ರಿಂಗ್ ತಕ್ಕಡಿಯನ್ನು ಮಲಗಿಸಿ, ಎರಡೂ ಕಡೆಯಿಂದ ದಾರ ಕಟ್ಟಿ, ಎರಡೂ ಕಡೆ 500 ಗ್ರಾಂ ಕಲ್ಲು ಇಳಿಬಿಟ್ಟೆ. ತಕ್ಕಡಿಯ ಮುಳ್ಳಿನ ಮೇಲೆ ಕರವಸ್ತ್ರ ಮುಚ್ಚಿದ್ದೆ. 'ಎಷ್ಟು ತೋರಿಸುತ್ತೆ?' ಚಂದ್ರು ಜೊತೆ ಇನ್ನೂ ನಾಲ್ಕೈದು ಮಕ್ಕಳಿದ್ದರು. ಕೆಲವರು ಒಂದು ಕೆ.ಜಿ. ಅಂದರು. ಒಬ್ಬಳು ಸೊನ್ನೆ ಅಂದಳು, ಎರಡೂ ಕಡೆ ಸಮ ಅಲ್ವಾ ಅಂತ. ಕರವಸ್ತ್ರ ತೆಗೆದರೆ 500.

ಒಂದು ಕಡೆಯ ಕಲ್ಲು ತೆಗೆದು ಆ ದಾರವನ್ನು ಕಿಟಕಿಯ ಸರಳಿಗೆ ಬಿಗಿದೆ. ಮುಳ್ಳು ಅಲ್ಲಾಡಲಿಲ್ಲ, ಅದೇ 500. ಹಗ್ಗ ಜಗ್ಗಾಟದಲ್ಲೂ ಇಷ್ಟೇ. ಎರಡು ಕಡೆಯವರೂ ತಲಾ 500 ನ್ಯೂಟನ್ ಎಳೆದರೆ ಹಗ್ಗದ ಟೆನ್ಷನ್ 500, ಸಾವಿರ ಅಲ್ಲ. ಸೊನ್ನೆ ಅಂದಿದ್ದ ಹುಡುಗಿಗೆ ಇದು ಸಾಕಾಯಿತು. ಆ ದಿನದಿಂದ ಅವಳು ಟೆನ್ಷನ್ ಲೆಕ್ಕದಲ್ಲಿ ತಪ್ಪಿದ್ದು ಕಡಿಮೆ. ಚಂದ್ರುಗೆ ಏನೂ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಅವನ ವೈರ್ ಕಲ್ಪನೆಗೆ ಈ ಪ್ರಯೋಗ ಪೂರ್ತಿ ಒಪ್ಪುತ್ತದೆ. ಈ ಕಡೆ 500, ಆ ಕಡೆ 500. ನಾನು ಅವನ ತಪ್ಪಿಗೆ ಸಂಬಂಧವೇ ಇಲ್ಲದ ಔಷಧಿ ಕೊಟ್ಟಿದ್ದೆ.

ಎರಡನೇ ಸಂಜೆ ಯೋಚನೆ ಮಾಡಿ ಹೋದೆ. ಚಕ್ರದ ಗಾಡಿಯ ಮೇಲೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿದೆವು. ಗಾಡಿ, ತಕ್ಕಡಿ, ಮೇಲಿಟ್ಟ ತೂಕ ಎಲ್ಲ ಸೇರಿ 600 ಗ್ರಾಂ ಬರುವ ಹಾಗೆ ಮಾಡಿದೆವು. ತಕ್ಕಡಿಯ ಕೊಕ್ಕೆಯಿಂದ ದಾರ, ರಾಟೆ ದಾಟಿ ಕೆಳಗೆ 200 ಗ್ರಾಂ ಕಲ್ಲು. ಗಾಡಿಯನ್ನು ಕೈಯಲ್ಲಿ ಹಿಡಿದಾಗ ಮುಳ್ಳು 200ರಲ್ಲಿತ್ತು.

'ಕೈ ಬಿಟ್ಟಾಗ?' ಅಂದೆ. ಬರೆದು ಮಡಚಿ ಕೊಡೋಕೆ ಹೇಳಿದೆ. ಬಾಯಲ್ಲಿ ಹೇಳಿಸಿದರೆ ಅವರು ನನ್ನ ಮುಖ ನೋಡಿ ಉತ್ತರ ಬದಲಿಸುತ್ತಾರೆ. ಚಂದ್ರು 200 ಅಂತಲೇ ಬರೆದ.

ಮುಳ್ಳು ಓಡುವ ಗಾಡಿಯ ಮೇಲಿದೆ, ಕಣ್ಣಿಗೆ ಸಿಗಲ್ಲ. ಅಟೆಂಡರ್ ಅಣ್ಣ ತಮ್ಮ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದರು. ಮೊದಲು ಮುಳ್ಳು ಕುಣಿಯುತ್ತೆ, ಆಮೇಲೆ ಸ್ವಲ್ಪ ನಿಲ್ಲುತ್ತೆ. ನಿಂತ ಜಾಗ 155ರಿಂದ 160ರ ನಡುವೆ. ಮೂರು ಸಲ ಬಿಟ್ಟೆವು. ಮೂರು ಸಲವೂ ಅಲ್ಲೇ.

ಲೆಕ್ಕದ ಪ್ರಕಾರ 150 ಬರಬೇಕು. 200 ಗ್ರಾಂನ ತೂಕ ಈಗ ಒಟ್ಟು 800 ಗ್ರಾಂ ಅನ್ನು ಓಡಿಸಬೇಕು. ಅದರಲ್ಲಿ ಗಾಡಿಯ ಪಾಲು ಮುಕ್ಕಾಲು, 200ರ ಮುಕ್ಕಾಲು 150. ಉಳಿದ ಕಾಲು ಭಾಗ, ಆ 50, ಕಲ್ಲು ತಾನೇ ಕೆಳಗೆ ಓಡೋಕೆ ಇಟ್ಟುಕೊಂಡಿದೆ.

'ಐದು ಹತ್ತು ಜಾಸ್ತಿ ಯಾಕೆ ಬಂತು ಮೇಡಂ?' ಅಂದ ಚಂದ್ರು. ಒಳ್ಳೆ ಪ್ರಶ್ನೆ. ಗಾಡಿಯ ಚಕ್ರದಲ್ಲಿ ಘರ್ಷಣೆ ಇದೆ. ಅದು ಓಟವನ್ನು ತಡೆಯುತ್ತದೆ. ವೇಗ ಹೆಚ್ಚೋದು ಎಷ್ಟು ನಿಧಾನವೋ ಅಷ್ಟು 200ಕ್ಕೆ ಹತ್ತಿರ. ಪೂರ್ತಿ ನಿಂತರೆ 200. ಇದನ್ನು ಹೇಳಿ ಮುಗಿಸೋದರೊಳಗೆ ಅವನೇ ಗಾಡಿಯ ಚಕ್ರಕ್ಕೆ ಬೆರಳು ಒತ್ತಿ ಬಿಟ್ಟು ನೋಡುತ್ತಿದ್ದ.

ಈಗ ಅವನು ಒಂದನ್ನು ಒಪ್ಪಿದ್ದ: ವೇಗ ಹೆಚ್ಚುತ್ತಾ ಓಡುವಾಗ ಟೆನ್ಷನ್ ಕಡಿಮೆಯಾಗುತ್ತೆ. ಆದರೆ ಯಾಕೆ ಅನ್ನೋದು ಇನ್ನೂ ನನ್ನ ಮಾತೇ ಆಗಿತ್ತು.

ಕಬ್ಬಿನ ಟ್ರ್ಯಾಕ್ಟರ್

ಆಮೇಲಿನದು ನನ್ನ ಪ್ಲಾನ್ ಅಲ್ಲ. ಸೀಸನ್ ಶುರುವಾಗಿತ್ತು. ಕಾಲೇಜಿನ ಮುಂದಿನ ರಸ್ತೆಯಲ್ಲಿ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರ್‌ಗಳು, ಒಂದೊಂದರ ಹಿಂದೆ ಎರಡೆರಡು ಟ್ರೇಲರ್. ಗೇಟಿನ ಹತ್ತಿರ ಸಾಲುಗಟ್ಟಿ ನಿಂತಿದ್ದವು. ಒಂದು ಹೊರಟಿತು. ಮೊದಲು ಧಡ್, ಒಂದು ಕ್ಷಣ ಬಿಟ್ಟು ಮತ್ತೆ ಧಡ್. ಎರಡು ಕೊಂಡಿಗಳು ಒಂದಾದ ಮೇಲೆ ಒಂದು ಬಿಗಿಯಾಗುವ ಸದ್ದು. ಗೂಡ್ಸ್ ರೈಲು ಹೊರಡುವಾಗ ಡಬ್ಬಿಯಿಂದ ಡಬ್ಬಿಗೆ ಸಾಗುವ ಸದ್ದೂ ಇದೇ ಥರದ್ದು.

ಸುಮ್ನೆ ಕೇಳಿದೆ, 'ಆ ಎರಡು ಕೊಂಡೀಲಿ ಯಾವುದಕ್ಕೆ ಜಾಸ್ತಿ ಬೀಳುತ್ತೆ ಚಂದ್ರು?'

ಯೋಚನೆಯೇ ಮಾಡಲಿಲ್ಲ ಅವನು. 'ಮುಂದಿನದಕ್ಕೆ ಮೇಡಂ. ಅಪ್ಪ ಹೊರಡೋ ಮುಂಚೆ ಆ ಪಿನ್ನೇ ಮೊದಲು ನೋಡೋದು. ಅದು ಎರಡು ಟ್ರೇಲರನ್ನೂ ಎಳೀಬೇಕು. ಹಿಂದಿನದಕ್ಕೆ ಒಂದೇ ಅಲ್ವಾ.'

ಹೇಳಿ ನಿಂತುಬಿಟ್ಟ. ರಸ್ತೆ ನೋಡುತ್ತಿದ್ದವನು ನನ್ನನ್ನು ನೋಡಿದ. ಮೂರು ಪೆಟ್ಟಿಗೆಯ ಲೆಕ್ಕ ಅವನಿಗೂ ನೆನಪಾಗಿತ್ತು, ನನಗೂ.

ನಾನು ಬಾಯಿ ಬಿಡಲಿಲ್ಲ. ಕಷ್ಟಪಟ್ಟು ಸುಮ್ಮನಿದ್ದೆ ಅಂತ ಬೇಕಾದರೆ ಹೇಳಬಹುದು. ಸ್ವಲ್ಪ ಹೊತ್ತಾದ ಮೇಲೆ ಅವನೇ ಮುಂದುವರಿಸಿದ. 'ಹಂಗಾದ್ರೆ ಟ್ರ್ಯಾಕ್ಟರ್‌ದು ಪೂರ್ತಿ ಬಲ ಮುಂದಿನ ಕೊಂಡಿಗೂ ಬರಲ್ಲ. ಟ್ರ್ಯಾಕ್ಟರ್ ತನ್ನನ್ನ ತಾನು ಎಳ್ಕೊಂಡು ಹೋಗೋಕೂ ಒಂದಷ್ಟು ಬೇಕು.'

ಅಲ್ಲೇ ಕಾಂಪೌಂಡ್ ಗೋಡೆಯ ಮೇಲೆ ನೋಟ್ ಇಟ್ಟುಕೊಂಡು ಅಂಕಿ ಹಾಕಿದೆವು. ತುಂಬಿದ ಟ್ರೇಲರ್ ತಲಾ 8 ಟನ್ ಅಂದುಕೊಳ್ಳೋಣ, ವೇಗೋತ್ಕರ್ಷ 0.2, ರಸ್ತೆಯ ತಡೆ ಸದ್ಯಕ್ಕೆ ಬೇಡ. ಹಿಂದಿನ ಕೊಂಡಿಗೆ 8000 ಇಂಟು 0.2, ಅಂದರೆ 1600 ನ್ಯೂಟನ್. ಮುಂದಿನದಕ್ಕೆ 3200. 'ಒಂದೇ ವೇಗದಲ್ಲಿ ಹೋಗ್ತಿದ್ರೆ?' ಅಂದೆ. ಅವನು ಸೊನ್ನೆ ಬರೆದ. ತಕ್ಷಣ ಹೊಡೆದು ಹಾಕಿದ. 'ಸೊನ್ನೆ ಆಗಲ್ಲ. ರಸ್ತೆ ತಡೀತಿರುತ್ತೆ. ಎರಡು ಟ್ರೇಲರ್‌ದೂ ತಡೆ ಮುಂದಿನ ಕೊಂಡಿಗೆ, ಒಂದರದು ಹಿಂದಿನದಕ್ಕೆ.' ನಿಜವೇ. ತಡೆಯೇ ಇಲ್ಲದ ನೆಲದಲ್ಲಿ ಮಾತ್ರ ಸೊನ್ನೆ.

ಆವತ್ತಿನಿಂದ ಅವನ ಚಿತ್ರಗಳು ಬದಲಾದವು. ನಾನು ಕೊಟ್ಟಿದ್ದು ಒಂದೇ ಪ್ರಶ್ನೆ: ಈ ಪೆಟ್ಟಿಗೆಯನ್ನು ಮುಟ್ಟಿರೋದು ಯಾರು? ಭೂಮಿಯ ಎಳೆತ ಒಂದನ್ನು ಬಿಟ್ಟರೆ ಈ ಲೆಕ್ಕಗಳಲ್ಲಿ ಮುಟ್ಟದೆ ಎಳೆಯುವವರು, ತಳ್ಳುವವರು ಯಾರೂ ಇಲ್ಲ. ಹಿಂದಿನ ಪೆಟ್ಟಿಗೆಯನ್ನು ಮುಟ್ಟಿರೋದು ನೆಲ ಮತ್ತು ಹಗ್ಗ. 30 ನ್ಯೂಟನ್ ಎಳೆಯುವ ಕೈ ಅದರ ಹತ್ತಿರವೂ ಇಲ್ಲ. ಹಾಗಾದರೆ ಆ 30ರ ಬಾಣ ಅಲ್ಲಿ ಬರೋದು ಹೇಗೆ?

ಒಂದು ಪದದ ವಿಷಯ

ಇದು ಸ್ವಲ್ಪ ಪಕ್ಕದ ಮಾತು, ಆದರೂ ಹೇಳಬೇಕು. ಕನ್ನಡದಲ್ಲಿ ಟೆನ್ಷನ್ ಅಂದರೆ ತಲೆಬಿಸಿ. ಅದನ್ನು ತಪ್ಪಿಸೋಕೆ ನಾನು ಕ್ಲಾಸಿನಲ್ಲಿ 'ಎಳೆತ' ಅನ್ನುತ್ತಿದ್ದೆ. ಎಳೆತ ಅಂದ ತಕ್ಷಣ ಮಕ್ಕಳು ಕೇಳೋದು ಯಾವ ಕಡೆಗೆ ಅಂತ. ಎಳೆತಕ್ಕೆ ಒಂದು ದಿಕ್ಕು ಬೇಕು, ಎಳೆಯುವವನು ಬೇಕು. ಆ ಎಳೆಯುವವನ ಬಲವೇ ಹಗ್ಗದಲ್ಲಿ ಹರಿಯುತ್ತಿದೆ ಅಂತ ಚಂದ್ರು ಅಂದುಕೊಂಡಿದ್ದರಲ್ಲಿ ಈ ಪದದ ಪಾಲೂ ಇತ್ತು ಅಂತ ನನ್ನ ಅನಿಸಿಕೆ.

ಈಗ ನಾನು 'ಬಿಗಿ' ಅನ್ನುತ್ತೇನೆ. ಹಗ್ಗ ಬಿಗಿಯಾಗಿದೆ ಅಂದರೆ ಯಾವ ಕಡೆಗೆ ಬಿಗಿ ಅಂತ ಯಾರೂ ಕೇಳಲ್ಲ. ಬಿಗಿಯಾದ ಹಗ್ಗ ಎರಡು ತುದಿಯಲ್ಲಿರುವುದನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಂದಿನ ಪೆಟ್ಟಿಗೆಯನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ. ಹಗ್ಗ ಯಾವತ್ತೂ ತಳ್ಳಲ್ಲ. ನ್ಯೂಟನ್ ತನ್ನ 1687ರ ಪ್ರಿನ್ಸಿಪಿಯಾ ಪುಸ್ತಕದಲ್ಲಿ ಮೂರನೇ ನಿಯಮ ವಿವರಿಸುವಾಗ ಕುದುರೆಯೊಂದು ಹಗ್ಗ ಕಟ್ಟಿದ ಕಲ್ಲನ್ನು ಎಳೆಯುವ ಉದಾಹರಣೆ ಕೊಡುತ್ತಾನೆ. ಎರಡೂ ಕಡೆ ಹಿಗ್ಗಿದ ಹಗ್ಗ ತಾನು ಸಡಿಲವಾಗೋಕೆ ನೋಡುತ್ತದೆ. ಹಾಗೆ ನೋಡುವಾಗ ಕಲ್ಲನ್ನು ಕುದುರೆಯ ಕಡೆಗೂ ಕುದುರೆಯನ್ನು ಕಲ್ಲಿನ ಕಡೆಗೂ ಒಂದೇ ಸಮ ಎಳೆಯುತ್ತದೆ ಅಂತ ಅವನ ವಿವರಣೆ. ಬಿಗಿ ಅನ್ನುವ ಪದ ಆ ಮಾತಿಗೆ ಚೆನ್ನಾಗಿ ಕೂರುತ್ತದೆ.

ಅವನು ನನ್ನನ್ನು ಹಿಡಿದಿದ್ದು

ಆರನೇ ವಾರ ಚಂದ್ರು ಕೇಳಿದ: 'ಹಗ್ಗಕ್ಕೂ ತೂಕ ಇರುತ್ತಲ್ವಾ ಮೇಡಂ? ನಮ್ಮನೆ ಬಾವಿ ಹಗ್ಗ ನೆಂದ್ರೆ ಅದೇ ಒಂದು ಕೊಡದಷ್ಟು ಭಾರ.'

ನಾನು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದ ಒಂದು ಮಾತಿತ್ತು. ಹಗ್ಗದ ಎರಡು ತುದಿಯಲ್ಲೂ ಟೆನ್ಷನ್ ಒಂದೇ ಯಾಕೆ ಅಂದರೆ ಮೂರನೇ ನಿಯಮ, ಕ್ರಿಯೆಗೆ ಸಮನಾದ ಪ್ರತಿಕ್ರಿಯೆ. ಅದನ್ನೇ ಹೇಳಹೊರಟೆ. ಅರ್ಧಕ್ಕೇ ನಿಂತೆ. ಮೂರನೇ ನಿಯಮ ಹೇಳೋದು ಹಗ್ಗ ಮತ್ತು ಪೆಟ್ಟಿಗೆಯ ನಡುವಿನ ಜೋಡಿ ಬಲಗಳ ಬಗ್ಗೆ. ಒಂದು ತುದಿಗೂ ಇನ್ನೊಂದು ತುದಿಗೂ ಅದು ಏನೂ ಹೇಳಲ್ಲ. ಎರಡು ತುದಿಯನ್ನು ಜೋಡಿಸೋದು ಎರಡನೇ ನಿಯಮ. ಹಗ್ಗವನ್ನೇ ಒಂದು ವಸ್ತು ಅಂತ ನೋಡಿ. ಮುಂದಿನ ತುದಿಯ ಬಲದಿಂದ ಹಿಂದಿನ ತುದಿಯ ಬಲ ಕಳೆದರೆ ಹಗ್ಗದ ರಾಶಿ ಇಂಟು ವೇಗೋತ್ಕರ್ಷ ಬರಬೇಕು. ರಾಶಿ ಸೊನ್ನೆ ಅಂದುಕೊಂಡರೆ ವ್ಯತ್ಯಾಸ ಸೊನ್ನೆ. 'ಹಗುರ ಹಗ್ಗ' ಅಂತ ಲೆಕ್ಕದಲ್ಲಿ ಬರೆಯೋದು ಇದಕ್ಕೇ.

ಇಷ್ಟು ಕಾಲ ತಪ್ಪು ಕಾರಣ ಹೇಳಿಕೊಂಡು ಬಂದಿದ್ದೇನೆ ಅಂತ ಅವನ ಮುಂದೆಯೇ ಒಪ್ಪಿಕೊಂಡೆ. ಅವನಿಗೆ ಅದು ಅಷ್ಟು ಮುಖ್ಯ ಅನ್ನಿಸಲಿಲ್ಲ. ಆಗಲೇ ಬರೆಯೋಕೆ ಶುರು ಮಾಡಿದ್ದ. 4 ಕೆ.ಜಿ., 6 ಕೆ.ಜಿ., ನಡುವೆ 1 ಕೆ.ಜಿ. ಹಗ್ಗ, ಎಳೆಯುವ ಬಲ 33. ಒಟ್ಟು 11, ವೇಗೋತ್ಕರ್ಷ ಮತ್ತೆ 3. ಹಗ್ಗದ ಹಿಂದಿನ ತುದಿಯಲ್ಲಿ 12, ಮುಂದಿನ ತುದಿಯಲ್ಲಿ 15. ನಡುವಿನ 3 ನ್ಯೂಟನ್ ಹಗ್ಗದ ಊಟ ಅಂದ.

ಬಾವಿಯ ಲೆಕ್ಕವನ್ನೂ ಅವನೇ ಹಾಕಿದ. ನೀರಿನ ಕೊಡ 10 ಕೆ.ಜಿ., ನೆಂದ ಹಗ್ಗ 3 ಕೆ.ಜಿ. ಅಂದುಕೊಂಡರೆ, ಕೆ.ಜಿ.ಗೆ 9.8 ನ್ಯೂಟನ್ ತೂಕದ ಲೆಕ್ಕದಲ್ಲಿ, ಕೊಡದ ಹತ್ತಿರ 98 ನ್ಯೂಟನ್, ರಾಟೆಯ ಹತ್ತಿರ 127.4. ಇನ್ನು ಕಿರ್ರ್ ಅನ್ನೋ ರಾಟೆ. ಮೇಲಕ್ಕೆ ಸೇದುವಾಗ ಅದರ ಘರ್ಷಣೆಯ ಪಾಲೂ ಕೈಗೇ ಬೀಳುತ್ತದೆ. ಹಾಗಾಗಿ ಕೈಯ ಕಡೆ ಬಿಗಿ ಇನ್ನೂ ಜಾಸ್ತಿ. ರಾಟೆಯ ಎರಡೂ ಕಡೆ ಬಿಗಿ ಒಂದೇ ಅನ್ನೋದು ಹಗುರವಾದ, ಎಣ್ಣೆ ಬಿಟ್ಟ ರಾಟೆಗೆ ಮಾತ್ರ.

ನಾನು ಬದಲಿಸಿಕೊಂಡಿದ್ದು

ಈ ಪ್ರಕರಣದಿಂದ ನನ್ನ ಕ್ಲಾಸಿನಲ್ಲಿ ಎರಡು ಮೂರು ವಿಷಯ ಬದಲಾಗಿವೆ. ಆ ಶಾರ್ಟ್‌ಕಟ್ ಸೂತ್ರವನ್ನು ಈಗ ನಾನು ಕೊಡುವುದಿಲ್ಲ. ಮಕ್ಕಳೇ ಕಂಡುಕೊಂಡರೆ ಬೇಡ ಅನ್ನಲ್ಲ. ಅಂಕಿ ಹಾಕೋ ಮುಂಚೆ ಯಾವ ಹಗ್ಗ ಜಾಸ್ತಿ ಬಿಗಿ, ಯಾವುದು ಕಡಿಮೆ ಅಂತ ಸಾಲಾಗಿ ಬರೆಸುತ್ತೇನೆ. ಆ ಸಾಲು ತಪ್ಪಿದರೆ ಲೆಕ್ಕ ನೋಡೋಕೇ ಹೋಗಲ್ಲ. ಗೊತ್ತಾಗದಿದ್ದರೆ ಮನಸ್ಸಲ್ಲೇ ಹಗ್ಗ ಕತ್ತರಿಸು, ಯಾವುದರ ವೇಗ ಹೆಚ್ಚೋದು ನಿಲ್ಲುತ್ತೋ ಅದನ್ನೆಲ್ಲ ಎಳೆಯುತ್ತಿದ್ದಿದ್ದು ಆ ಹಗ್ಗ ಅನ್ನುತ್ತೇನೆ. ಮೊದಲು 'ಯಾವುದು ನಿಂತುಹೋಗುತ್ತೆ' ಅನ್ನುತ್ತಿದ್ದೆ. ನುಣುಪಾದ ನೆಲದಲ್ಲಿ ಯಾವುದೂ ನಿಲ್ಲಲ್ಲ ಅಂತ ಮಕ್ಕಳೇ ತಿದ್ದಿದರು.

ಎಲ್ಲಕ್ಕಿಂತ ಮುಖ್ಯ ಅಂದರೆ ತಪ್ಪು ಉತ್ತರಕ್ಕೆ ಕೆಂಪು ಗೆರೆ ಹಾಕೋ ಮುಂಚೆ 'ಹೆಂಗೆ ಬಂತು' ಅಂತ ಕೇಳುತ್ತೇನೆ, ಕನ್ನಡದಲ್ಲಿ. ಐವತ್ತು ಅರವತ್ತು ಮಕ್ಕಳ ಕ್ಲಾಸಿನಲ್ಲಿ ಎಲ್ಲರನ್ನೂ ಕೇಳೋಕಾಗಲ್ಲ, ನಿಜ. ಒಂದೇ ತಪ್ಪನ್ನು ಮೂರು ಲೆಕ್ಕದಲ್ಲಿ ಮಾಡಿದವರನ್ನಾದರೂ ಕೇಳಬಹುದು.

ಟ್ರ್ಯಾಕ್ಟರ್ ಉದಾಹರಣೆ ಎಲ್ಲರಿಗೂ ನಡೆಯುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮುಂದಿನ ವರ್ಷ ಕ್ಲಾಸಿನಲ್ಲಿ ಬಹಳ ಉತ್ಸಾಹದಿಂದ ಹೇಳಿದೆ. ಪೇಟೆಯ ಮಕ್ಕಳು ಸುಮ್ಮನೆ ಕೂತಿದ್ದರು. ಅವರು ಯಾರೂ ಪಿನ್ ನೋಡಿದವರಲ್ಲ.

ಏಳನೇ ವಾರ

ಕಿರು ಪರೀಕ್ಷೆಯಲ್ಲಿ ಚಂದ್ರು ನಾಲ್ಕು ಲೆಕ್ಕದಲ್ಲಿ ಮೂರು ಸರಿ ಮಾಡಿದ. ಘರ್ಷಣೆ ಇದ್ದದ್ದೂ ಸರಿ, ಮೂರು ಪೆಟ್ಟಿಗೆಯದೂ ಸರಿ. ನಾಲ್ಕನೆಯದರಲ್ಲಿ ಚಾವಣಿಗೆ ನೇತುಹಾಕಿದ ರಾಟೆ, ಅದರ ಒಂದು ಕಡೆ 1 ಕೆ.ಜಿ., ಇನ್ನೊಂದು ಕಡೆ 3 ಕೆ.ಜಿ. ಕೇಂಬ್ರಿಜ್‌ನ ಜಾರ್ಜ್ ಅಟ್‌ವುಡ್ 1784ರಲ್ಲಿ ತನ್ನ ಪುಸ್ತಕದಲ್ಲಿ ವಿವರಿಸಿದ ಯಂತ್ರ ಇದೇ. ಬೀಳುವ ವೇಗವನ್ನು ನಿಧಾನ ಮಾಡಿ ಅಳೆಯೋಕೆ ಅವನು ಎರಡು ಕಡೆಗೂ ಹತ್ತಿರ ಹತ್ತಿರದ ತೂಕ ಹಾಕುತ್ತಿದ್ದ. ನಾನು ಬೇಕಂತಲೇ ದೂರದ ತೂಕ ಕೊಟ್ಟಿದ್ದೆ.

ವೇಗೋತ್ಕರ್ಷ 4.9, ದಾರದ ಟೆನ್ಷನ್ 14.7. ಎರಡೂ ಸರಿಯಾಗಿ ಬರೆದಿದ್ದ. ಚಾವಣಿಯ ಕೊಕ್ಕೆಗೆ ಎಷ್ಟು ಅಂದಿದ್ದಕ್ಕೆ 39.2 ಬರೆದಿದ್ದ, ಅಂದರೆ ಪೂರ್ತಿ 4 ಕೆ.ಜಿ.ಯ ತೂಕ. ಉತ್ತರ 29.4. ರಾಟೆಯನ್ನು ಕೆಳಕ್ಕೆ ಎಳೆಯುವುದು ದಾರದ ಎರಡು ಕಡೆ, 14.7 ಮತ್ತು 14.7.

ಒಪ್ಪಲಿಲ್ಲ. 'ನಾಲ್ಕು ಕೆ.ಜಿ. ನೇತಾಡ್ತಿರೋದು ಆ ಕೊಕ್ಕೇಲೇ ಅಲ್ವಾ ಮೇಡಂ? ಉಳಿದ ಒಂದು ಕೆ.ಜಿ. ಎಲ್ಲಿ ಹೋಯ್ತು?'

ಲ್ಯಾಬಿಗೆ ಹೋದೆವು. 10 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿಯನ್ನು ಮೇಲೆ ಕಟ್ಟಿ, ಅದರ ಕೊಕ್ಕೆಗೆ ರಾಟೆ, ರಾಟೆಗೆ ದಾರ, ದಾರಕ್ಕೆ ಕಲ್ಲುಗಳು. ಕೆಳಗೆ ಮರಳಿನ ಚೀಲ. ಮೇಲೆ ನಿಂತಿದ್ದ 3 ಕೆ.ಜಿ. ಬೀಳದ ಹಾಗೆ ಚಂದ್ರು 1 ಕೆ.ಜಿ. ಕಲ್ಲನ್ನು ಕೆಳಗೆ ಹಿಡಿದುಕೊಂಡ. ಅಟೆಂಡರ್ ಅಣ್ಣ ಮೊಬೈಲ್ ಹಿಡಿದರು. ನಾನು ಮುಳ್ಳು ನೋಡಿ ಓದಿದೆ. ರಾಟೆಯ ತೂಕವೂ ಸೇರಿ 6ಕ್ಕಿಂತ ಸ್ವಲ್ಪ ಜಾಸ್ತಿ.

'ಆರಾ?' ಅಂದ. 'ಕೆಟ್ಟೋಗಿದೆ ಮೇಡಂ ಇದು. ನಾಲ್ಕು ಬರಬೇಕು. ನೀವು ಮೂರು ಅಂದ್ರಿ. ಆರು ಹೆಂಗೆ?'

'ಆ ಒಂದು ಕೆ.ಜಿ. ಕಲ್ಲನ್ನ ಮುಟ್ಟಿರೋದು ಯಾರು?' ಅಂದೆ.

'ದಾರ' ಅಂದ. ಆಮೇಲೆ ಕೆಳಗೆ ನೋಡಿದ. ಕಲ್ಲನ್ನು ಗಟ್ಟಿಯಾಗಿ ಕೆಳಕ್ಕೆ ಹಿಡಿದಿದ್ದ ತನ್ನ ಕೈಯನ್ನೇ ನೋಡಿದ. ತುಟಿ ಅಲ್ಲಾಡಿತು, ಮನಸ್ಸಲ್ಲೇ ಕೂಡುತ್ತಿದ್ದ. ಮೂರು ಕೆ.ಜಿ. ನಿಲ್ಲಿಸೋಕೆ ಒಂದು ಸಾಲದು, ಎರಡು ನನ್ನ ಕೈಯದು, ಆ ಕಡೆ ಮೂರು, ಈ ಕಡೆ ಮೂರು.

'ಅಣ್ಣ, ವಿಡಿಯೋ ಆನ್ ಇದೆಯಾ?' ಅಂತ ಕೇಳಿ, ಕೈ ಬಿಟ್ಟ. ಕಲ್ಲು ಮರಳಿಗೆ ಧಪ್ ಅಂತ ಬಿತ್ತು. ನಾವು ಮೂವರೂ ಮೊಬೈಲಿನ ಮೇಲೆ ಬಗ್ಗಿದೆವು. ಮುಳ್ಳು ಆರರಿಂದ ಜಾರಿ, ನಾಲ್ಕರಲ್ಲಿ ನಿಲ್ಲದೆ, ಮೂರರ ಆಚೆ ಈಚೆ ಕುಣಿಯುತ್ತಿತ್ತು.